ನಮ್ಮನೆ ಕಷಾಯದ ಡಬ್ಬಿ, ಅದರ ಮೇಲಿನ ಚೀಟಿ

ಆಷಾಢದ ಗಾಳಿ ಬೀಸೋಕೆ ಶುರುವಾದ್ರೆ ಸಾಕು, ನಮ್ಮನೆ ಫೋನ್ ಹೊಡ್ಕೊಳ್ಳೋಕೆ ಶುರು. "ನಿಮ್ಮನೆ ಕಷಾಯದ ಪುಡಿ ಅಳತೆ ಹೇಳೇ" ಅಂತ ಚಾಮರಾಜಪೇಟೆ ಚಿಕ್ಕಮ್ಮ. "ಅಕ್ಕಾ, ಮಗೂಗೆ ನೆಗಡಿ, ನೀವು ಅದೇನೋ ಹಾಕ್ತೀರಲ್ಲ" ಅಂತ ಮೇಲಿನ ಮನೆ ಹುಡುಗಿ. ಪ್ರತಿ ಸಲ ನಾನು ಬಾಯಲ್ಲಿ ಹೇಳೋದು, ಅವರು ಅರ್ಧ ಬರ್ಕೊಳ್ಳೋದು, ಆಮೇಲೆ "ಮೆಣಸು ಎಷ್ಟು ಅಂದೆ?" ಅಂತ ಇನ್ನೊಂದು ಫೋನು. ಅದಕ್ಕೆ ಈ ಸಲ ಬರೆದೇ ಬಿಡೋಣ ಅಂತ ಕೂತಿದೀನಿ. ಆದ್ರೆ ಅಳತೆ ಬರೆಯೋದಾದ್ರೆ ಅದರ ಜೊತೆ ನಾನು ಮಾಡಿದ ಒಂದು ತಪ್ಪನ್ನೂ ಬರೀಬೇಕು. ನಿಮ್ಮಲ್ಲಿ ಕೆಲವರಿಗೆ ಅರ್ಧ ಕಥೆ ಗೊತ್ತು. ಪೂರ್ತಿ ಯಾರಿಗೂ ಹೇಳಿಲ್ಲ.

ನಾನು ಮದುವೆಯಾಗಿ ಮಾವಳ್ಳಿಗೆ ಬಂದಿದ್ದು 1991ರಲ್ಲಿ. ಲಾಲ್‌ಬಾಗ್ ಗೋಡೆಗೆ ಎರಡೇ ಬೀದಿ ದೂರ ನಮ್ಮನೆ. ಮರದ ಗಾಳಿ, ಕೆರೆ ಗಾಳಿ ಎರಡೂ ಸೇರಿ ನಮ್ಮ ಬೀದೀಲಿ ಚಳಿ ಒಂದು ಕೈ ಜಾಸ್ತಿ ಅಂತ ಅತ್ತೆ ಯಾವಾಗ್ಲೂ ಹೇಳೋರು. ಮಾವಳ್ಳಿ ಅಂದ್ರೆ ಊರೋರಿಗೆಲ್ಲ ನೆನಪಾಗೋದು ಎಂಟಿಆರ್. 1924ರಲ್ಲಿ ಶುರುವಾದ ಹೋಟ್ಲು, ಭಾನುವಾರ ಬೆಳಗ್ಗೆ ಇವತ್ತಿಗೂ ಬಾಗಿಲ ಹೊರಗೆ ಜನ ಕಾಯ್ತಿರ್ತಾರೆ. ನಮ್ಮ ಮಾವ ಅಲ್ಲಿಯ ಕಾಫಿಗೆ ಪ್ರಾಣ ಬಿಡೋರು. ಆದ್ರೆ ಮನೇಲಿ ಸಾಯಂಕಾಲ ನಾಲ್ಕು ಗಂಟೆ ದಾಟಿದ್ರೆ ಕಾಫಿ ಇಲ್ಲ. ಅದು ಅತ್ತೆ ಕಾನೂನು. ಏಳು ಗಂಟೆಗೆ ದೇವರ ದೀಪ ಹಚ್ಚಿ ಆದ್ಮೇಲೆ ಎಲ್ರಿಗೂ ಒಂದೊಂದು ಸಣ್ಣ ಲೋಟ ಕಷಾಯ. ಹಾಲು, ಬೆಲ್ಲ ಹಾಕಿದ್ದು. ಔಷಧಿ ಅಂತ ಅಲ್ಲ, ರುಚಿಗೆ. ಮಕ್ಕಳೂ ಕೇಳಿ ಹಾಕಿಸ್ಕೊಂಡು ಕುಡೀತಿದ್ವು.

ಅವರ ಪುಡೀಲಿ ಇದ್ದಿದ್ದು ಆರೇ ಸಾಮಾನು. ಧನಿಯ, ಜೀರಿಗೆ, ಮೆಣಸು, ಸೋಂಪು, ಒಣಶುಂಠಿ, ಏಲಕ್ಕಿ. ಅಡುಗೆಮನೇಲಿ ದಿನಾ ಸಾರಿಗೂ ಪಾಯಸಕ್ಕೂ ಹಾಕೋ ಸಾಮಾನೇ. "ಸಾರಿಗೆ ಹಾಕೋದು ಲೋಟಕ್ಕೂ ಹಾಕಬಹುದು. ಸಾರಿಗೆ ಹಾಕದೇ ಇರೋದನ್ನ ಲೋಟಕ್ಕೆ ಹಾಕೋ ಮುಂಚೆ ಯಾರನ್ನಾದ್ರೂ ಕೇಳು" ಅನ್ನೋರು ಅತ್ತೆ. ಆಗ ನಾನು ನಕ್ಕಿದ್ದೆ.

ನನ್ನ ತವರು ಚಾಮರಾಜಪೇಟೆ. ಅಲ್ಲಿ ರಾಮನವಮಿ ಬಂದ್ರೆ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಸಂಗೀತ. 1939ರಿಂದ ರಾಮಸೇವಾ ಮಂಡಳಿಯವರು ನಡೆಸ್ಕೊಂಡು ಬಂದಿರೋದು. ನಮ್ಮ ಸೋದರತ್ತೆ ಸಂಗೀತ ಕಲಿತೋರು, ನನ್ನ ಕೈ ಹಿಡ್ಕೊಂಡು ದಿನಾ ಕರ್ಕೊಂಡು ಹೋಗೋರು. ಅವರ ಪರ್ಸಿನಲ್ಲಿ ಒಂದು ಪುಟ್ಟ ಡಬ್ಬೀಲಿ ಕಡ್ಡಿ ಇರ್ತಿತ್ತು, ಹೊರಗಡೆ ಕಂದು, ಒಳಗಡೆ ಹಳದಿ, ನಾರು ನಾರು. ಜೇಷ್ಠಮಧು. ಗಂಟಲು ಕಟ್ಟಿದ್ರೆ ಒಂದು ಚೂರು ಬಾಯಲ್ಲಿ ಇಟ್ಕೊಂಡು ಚೀಪೋರು. ನನಗೂ ಒಂದು ಚೂರು ಕೊಡೋರು. ಆ ಸಿಹಿ ನಾಲಿಗೆ ಮೇಲೆ ಎಷ್ಟು ಹೊತ್ತಾದ್ರೂ ಹೋಗ್ತಿರ್ಲಿಲ್ಲ. ಹಾಗಾಗಿ ಜೇಷ್ಠಮಧು ಅಂದ್ರೆ ನನಗೆ ಔಷಧಿ ಅನ್ನೋದಕ್ಕಿಂತ ಸೋದರತ್ತೆ ಪರ್ಸಿನ ವಾಸನೆ. ಅದರಿಂದ ಯಾರಿಗಾದ್ರೂ ತೊಂದ್ರೆ ಆಗಬಹುದು ಅಂತ ಕನಸಲ್ಲೂ ಅನ್ಕೊಂಡಿರ್ಲಿಲ್ಲ.

ಈಗ 2020ಕ್ಕೆ ಬರ್ತೀನಿ. ಮಾರ್ಚ್ ಕೊನೇಲಿ ಲಾಕ್‌ಡೌನ್ ಆಯ್ತಲ್ಲ, ನಿಮ್ಮನೇಲೂ ಹಾಗೇ ಆಗಿರುತ್ತೆ, ಎಲ್ರ ಮನೇಲೂ ಒಲೆ ಮೇಲೆ ಏನಾದ್ರೊಂದು ಕುದೀತಾನೇ ಇತ್ತು. ಆಯುಷ್ ಸಚಿವಾಲಯದವರು ತುಳಸಿ, ಚಕ್ಕೆ, ಮೆಣಸು, ಒಣಶುಂಠಿ, ಒಣದ್ರಾಕ್ಷಿ ಹಾಕಿದ ಕಷಾಯ ದಿನಕ್ಕೆ ಒಂದೋ ಎರಡೋ ಸಲ ಕುಡೀರಿ ಅಂತ ಹೇಳಿದ್ರು. ನಾವು ಹೆಂಗಸರು ಅಷ್ಟಕ್ಕೇ ಬಿಡ್ತೀವಾ? ಫ್ಯಾಮಿಲಿ ಗ್ರೂಪಲ್ಲಿ ಒಬ್ಬರು ಅಮೃತಬಳ್ಳಿ ಅಂದ್ರು, ಇನ್ನೊಬ್ಬರು ಲವಂಗ ಅಂದ್ರು, ಮತ್ತೊಬ್ಬರು ಹಿಪ್ಪಲಿ ಅಂದ್ರು. ದಿನಕ್ಕೆ ಒಂದು ಸಣ್ಣ ಲೋಟ ಇದ್ದಿದ್ದು ಮೂರು ದೊಡ್ಡ ಲೋಟ ಆಯ್ತು. ರುಚಿಗೆ ಕುಡೀತಿದ್ದಿದ್ದು ಹೆದರಿಕೆಗೆ ಕುಡಿಯೋ ಹಾಗಾಯ್ತು.

ಅತ್ತೆಗೆ ಆಗ ಎಪ್ಪತ್ನಾಲ್ಕು. ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು. ಬಿಪಿಗೆ ಕೊಡ್ತಿದ್ದ ಮಾತ್ರೆಗಳಲ್ಲಿ ಒಂದು ನೀರು ಇಳಿಸೋ ಮಾತ್ರೆ. ದಿನಕ್ಕೆ ಮೂರು ಲೋಟ ಬೆಲ್ಲ ಹಾಕಿ ಕೊಡೋ ಹಾಗಿಲ್ಲ. ಬೆಲ್ಲ ಇಲ್ದೆ ಅವರ ಗಂಟಲಲ್ಲಿ ಇಳಿಯೋದಿಲ್ಲ. "ಇದೇನೇ, ಗೋಡೆ ತೊಳೆದ ನೀರು ಕುಡ್ದ ಹಾಗಿದೆ" ಅಂತ ಲೋಟ ಪಕ್ಕಕ್ಕಿಟ್ರು. ಆಗ ನನಗೆ ಸೋದರತ್ತೆ ಕಡ್ಡಿ ನೆನಪಾಯ್ತು. ಸಕ್ಕರೆ ಇಲ್ಲ, ಆದ್ರೂ ಸಿಹಿ! ಗ್ರಂಧಿಗೆ ಅಂಗಡಿಯಿಂದ ಕಾಲು ಕೆಜಿ ತರಿಸಿ, ಕುಟ್ಟಿ ಪುಡಿ ಮಾಡಿ, ಅತ್ತೆ ಪುಡಿಗೆ ಧಾರಾಳವಾಗಿ ಬೆರೆಸಿದೆ. ಅತ್ತೆ ಒಂದು ಗುಟುಕು ಕುಡ್ದು ನನ್ನ ಮುಖ ನೋಡಿ "ಭೇಷ್ ಕಣೇ" ಅಂದ್ರು. ಮೂವತ್ತು ವರ್ಷಕ್ಕೆ ಅವರ ಅಡುಗೆಗೆ ನಾನು ಏನೋ ಸೇರಿಸಿ ಶಭಾಷ್ ಅನ್ನಿಸ್ಕೊಂಡಿದ್ದು ಅದೇ ಮೊದಲು. ಆ ಖುಷೀಲಿ ಹುಚ್ಚೆದ್ದು ಇನ್ನೂ ನಾಲ್ಕು ಡಬ್ಬಿ ಮಾಡಿ ನಾಲ್ಕು ಮನೆಗೆ ಹಂಚಿದೆ. ಓರಗಿತ್ತಿಗೆ, ಚಿಕ್ಕಮ್ಮಂಗೆ, ಪಕ್ಕದ್ಮನೆ ಅಜ್ಜಂಗೆ, ಎದುರುಮನೆ ಹುಡುಗಿಗೆ. ಆ ಹುಡುಗಿ ಆಗ ಐದು ತಿಂಗಳ ಬಸುರಿ.

ಮೂರು ವಾರ ಏನೂ ಆಗ್ಲಿಲ್ಲ. ಆಮೇಲೆ ಅತ್ತೆ ಕಾಲು ಊದ್ಕೊಳ್ಳೋಕೆ ಶುರುವಾಯ್ತು. ಕಾಲ್ಗೆಜ್ಜೆ ಇಡೋ ಜಾಗದಲ್ಲಿ ಬೆರಳಿಂದ ಒತ್ತಿದ್ರೆ ಗುಳಿ ಬಿದ್ದು ಹಾಗೇ ಇರೋದು. ಮನೆ ಮಿಷನ್‌ನಲ್ಲಿ ಬಿಪಿ ನೋಡಿದ್ರೆ 170, 180. ಯಾವಾಗ್ಲೂ 130ರ ಮೇಲೆ ಹೋಗ್ತಿರ್ಲಿಲ್ಲ. ಡಾಕ್ಟರಿಗೆ ಫೋನಲ್ಲೇ ಹೇಳಿದ್ವಿ, ಅವರು ಮಾತ್ರೆ ಜಾಸ್ತಿ ಮಾಡಿದ್ರು. ಬಿಪಿ ಇಳೀಲಿಲ್ಲ. ಎಲ್ಲಿಗೂ ಹೊರಗೆ ಹೋಗದೇ ಇರೋದಕ್ಕೆ ಹೀಗಾಗಿದೆ ಅನ್ಕೊಂಡ್ವಿ. ತೊಡೆ ನೋವು, ಮೀನಖಂಡ ಹಿಡ್ಕೊಳ್ಳೋದು, ಕೂತ್ರೆ ಏಳೋಕಾಗೋದಿಲ್ಲ. "ಶಕ್ತಿ ಬರ್ಲಿ" ಅಂತ ನಾನು ಇನ್ನೊಂದು ಲೋಟ ಕಷಾಯ ಕೊಟ್ಟೆ. ಇದನ್ನ ಬರೆಯೋವಾಗ ಈಗ್ಲೂ ಕೈ ನಿಲ್ಲುತ್ತೆ.

ಒಂದು ರಾತ್ರಿ ಬಚ್ಚಲಮನೆಗೆ ಹೋದೋರು ಅಲ್ಲೇ ಕುಸಿದು ಕೂತ್ಬಿಟ್ರು. "ಕಾಲು ನಂದಲ್ಲ ಅನ್ನಿಸ್ತಿದೆ ಕಣೇ, ಎದೇಲಿ ಏನೋ ಪಟಪಟ ಅಂತಿದೆ." ಯಜಮಾನ್ರೂ ನಾನೂ ಎತ್ತಿ ಕಾರಲ್ಲಿ ಕೂರಿಸಿ ಆಸ್ಪತ್ರೆಗೆ ಹೋದ್ವಿ. ಆ ದಿನಗಳಲ್ಲಿ ಆಸ್ಪತ್ರೆ ಬಾಗಿಲು ದಾಟೋದೇ ಒಂದು ಪರೀಕ್ಷೆ. ಒಬ್ಬರಿಗೆ ಮಾತ್ರ ಒಳಗೆ ಬಿಟ್ರು. ನಾನು ಹೋದೆ. ರಕ್ತ ಪರೀಕ್ಷೆ ಬಂತು, ಪೊಟ್ಯಾಶಿಯಂ 2.6. ದೊಡ್ಡೋರಿಗೆ 3.5ರಿಂದ 5ರೊಳಗೆ ಇರ್ಬೇಕಂತೆ. ಇಷ್ಟು ಇಳಿದ್ರೆ ಕಾಲಿನ ಶಕ್ತಿ ಅಷ್ಟೇ ಅಲ್ಲ, ಹೃದಯದ ಬಡಿತವೇ ದಾರಿ ತಪ್ಪಬಹುದು ಅಂದ್ರು ಡಾಕ್ಟರು. ಹುಡುಗ ಡಾಕ್ಟರು, ಮುಖಕ್ಕೆ ಎರಡೆರಡು ಮಾಸ್ಕು, ಮಾತು ಅರ್ಧ ಅದರೊಳಗೇ ಉಳೀತಿತ್ತು. ಅವರು ಕೇಳ್ಬೇಕಾದ್ದನ್ನ ಕೇಳಿದ್ರು. "ಬೇರೆ ಏನಾದ್ರೂ ತಗೋತಿದಾರಾ? ಲಿಕೋರಿಸ್ ಏನಾದ್ರೂ?"

ಅತ್ತೆಗೆ ಅದು "ಲಿಕ್ಕರ್" ಅಂತ ಕೇಳಿಸ್ತು. ಮಲಗಿದ್ದಲ್ಲೇ ಕಣ್ಣು ಬಿಟ್ಟು, "ರಾಮ ರಾಮ! ನಮ್ಮನೇಲಿ ಅದೆಲ್ಲ ಮುಟ್ಟೋರಿಲ್ಲಪ್ಪ" ಅಂದ್ರು. ನನಗೂ ಹಾಗೇ ಕೇಳಿಸಿತ್ತು. ನಾನೂ "ಇಲ್ಲ ಡಾಕ್ಟ್ರೇ" ಅಂತ ತಲೆ ಆಡಿಸಿದೆ. ಅವರು ಇಲ್ಲ ಅಂತ ಬರ್ಕೊಂಡು ಮುಂದಿನ ಮಂಚಕ್ಕೆ ಹೋದ್ರು.

ಇವತ್ತು ಈ ಮಾತು ಹೇಳಿದ್ರೆ ಮನೇಲಿ ಎಲ್ರೂ ಬಿದ್ದು ಬಿದ್ದು ನಗ್ತಾರೆ. ಆವತ್ತು ಆ ಒಂದು "ಇಲ್ಲ"ದಿಂದ ಒಂದು ಇಡೀ ದಿನ ಹೋಯ್ತು. ಡ್ರಿಪ್‌ನಲ್ಲಿ ಪೊಟ್ಯಾಶಿಯಂ ಹಾಕ್ತಿದ್ರು, ಸ್ವಲ್ಪ ಏರೋದು, ಮತ್ತೆ ಇಳಿಯೋದು. ಕಾರಣ ಸಿಗ್ತಿಲ್ಲ ಅಂತಿದ್ರು. ನಾನೋ, ಮನೆಯಿಂದ ಫ್ಲಾಸ್ಕಲ್ಲಿ ಕಷಾಯ ತರಿಸ್ಬಿಟ್ಟಿದ್ದೆ.

ಮಾರನೇ ದಿನ ಸಾಯಂಕಾಲ ಫ್ಲಾಸ್ಕಿನಿಂದ ಲೋಟಕ್ಕೆ ಬಗ್ಗಿಸ್ತಿದ್ದೆ. ಡ್ಯೂಟೀಲಿದ್ದ ನರ್ಸ್, ಕೇರಳದ ಹುಡುಗಿ, "ಅಮ್ಮಾ, ಅದು ಏನು?" ಅಂದ್ಲು. ಕಷಾಯ ಅಂದೆ. "ಏನು ಹಾಕಿದೀರ?" ಒಂದೊಂದೇ ಹೇಳ್ತಾ ಬಂದೆ. ಜೇಷ್ಠಮಧು ಅಂದಾಗ ಅವಳಿಗೆ ಅರ್ಥ ಆಗ್ಲಿಲ್ಲ. ಬೇರು, ಕಡ್ಡಿ ಥರ ಇರುತ್ತೆ, ಒಳಗೆ ಹಳದಿ, ತುಂಬಾ ಸಿಹಿ ಅಂತ ಕೈಯಲ್ಲಿ ತೋರಿಸಿದೆ. ಅವಳ ಮುಖ ಬದಲಾಯ್ತು. "ಇರಟ್ಟಿಮಧುರಂ! ಅಮ್ಮಾ, ಇದು ಡಾಕ್ಟರಿಗೆ ಹೇಳಿದೀರಾ?" ಅಂತ ನನ್ನ ಕೈಯಿಂದ ಲೋಟ ಈಸ್ಕೊಂಡು ಹಾಗೇ ಹೋದ್ಲು. ಐದು ನಿಮಿಷಕ್ಕೆ ಡಾಕ್ಟರು ಬಂದ್ರು. ಲಿಕೋರಿಸ್ ಅಂದ್ರೆ ಅದೇ.

ನೋಡಿ, ಒಂದೇ ಬೇರಿಗೆ ಎಷ್ಟು ಹೆಸರು. ನಮ್ಮಲ್ಲಿ ಜೇಷ್ಠಮಧು, ಅತಿಮಧುರ. ಸಂಸ್ಕೃತದಲ್ಲಿ ಯಷ್ಟಿಮಧು, ಯಷ್ಟಿ ಅಂದ್ರೆ ಕೋಲು, ಜೇನಿನ ಕೋಲು ಅಂತ. ಹಿಂದಿಯೋರಿಗೆ ಮುಲೇಠಿ. ಇಂಗ್ಲಿಷಲ್ಲಿ ಲಿಕೋರಿಸ್. ರೆಡಿಮೇಡ್ ಪುಡಿ ಪೊಟ್ಟಣದ ಹಿಂದೆ ಯಾವ ಹೆಸರಲ್ಲಿ ಬೇಕಾದ್ರೂ ಇರಬಹುದು. ನಮಗೆ ಗೊತ್ತಿರೋ ಹೆಸರು ಒಂದೇ ಆದ್ರೆ ಮಿಕ್ಕಿದ್ದೆಲ್ಲಕ್ಕೂ "ಇಲ್ಲ" ಅಂತಾನೇ ಹೇಳ್ತೀವಿ.

ಡಾಕ್ಟರು ಆವತ್ತು ಸಮಾಧಾನವಾಗಿ ಕೂತು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಆ ಬೇರಿನ ಸಿಹಿ ಅಂಶಕ್ಕೆ ಗ್ಲಿಸರೈಜಿನ್ ಅಂತ ಹೆಸರು, ಸಕ್ಕರೆಗಿಂತ ಹತ್ತಾರು ಪಟ್ಟು ಸಿಹಿ. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಅನ್ನೋ ಹಾರ್ಮೋನು ಇದೆಯಲ್ಲ, ಅದು ಮೂತ್ರಪಿಂಡದ ಕೆಲಸಕ್ಕೆ ಜಾಸ್ತಿ ಕೈ ಹಾಕದ ಹಾಗೆ ಒಂದು ಕಾವಲು ಇರುತ್ತೆ. ಗ್ಲಿಸರೈಜಿನ್ ಜಾಸ್ತಿ ಆದ್ರೆ ಆ ಕಾವಲುಗಾರನೇ ಮಲಗಿಬಿಡ್ತಾನೆ. ಆಗ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಒಳಗೇ ಹಿಡ್ಕೊಳ್ಳುತ್ತೆ, ಪೊಟ್ಯಾಶಿಯಂ ಹೊರಗೆ ಸುರಿಯುತ್ತೆ. ಉಪ್ಪು ನಿಂತಿದ್ದಕ್ಕೆ ಕಾಲು ಊತ, ಬಿಪಿ. ಪೊಟ್ಯಾಶಿಯಂ ಹೋಗಿದ್ದಕ್ಕೆ ಕಾಲಲ್ಲಿ ಶಕ್ತಿ ಇಲ್ಲ, ಎದೆ ಪಟಪಟ. ಅತ್ತೆ ನುಂಗ್ತಿದ್ದ ನೀರಿಳಿಸೋ ಮಾತ್ರೆ ಇದೆಯಲ್ಲ, ಅದೂ ಪೊಟ್ಯಾಶಿಯಂ ಹೊರಗೆ ಹಾಕೋ ಜಾತೀದು. ಎರಡೂ ಸೇರಿ ಎರಡು ಕಡೆಯಿಂದ ಕೊಡ ತೂತು ಮಾಡಿದ ಹಾಗಾಯ್ತು.

ಆವತ್ತಿಂದ ಕಷಾಯ ನಿಂತ್ತು. ನಾಲ್ಕು ದಿನಕ್ಕೆ ಪೊಟ್ಯಾಶಿಯಂ ಸರಿಯಾಯ್ತು, ಮನೆಗೆ ಬಂದ್ರು. ಬಿಪಿ ಪೂರ್ತಿ ಇಳಿಯೋಕೆ ಇನ್ನೂ ಮೂರು ವಾರ ಹಿಡೀತು. ಕುಡಿಯೋದು ನಿಲ್ಲಿಸಿದ್ರೂ ಅದರ ಪರಿಣಾಮ ಮೈಯಲ್ಲಿ ಕೆಲವು ದಿನ ಇರುತ್ತಂತೆ. ಆ ವರ್ಷ ಸೆಪ್ಟೆಂಬರಲ್ಲಿ ಪೇಪರಲ್ಲಿ ಒಂದು ಸುದ್ದಿ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 54 ವರ್ಷದ ಒಬ್ಬ ಮನುಷ್ಯ ಕೆಲವು ವಾರ ದಿನಾ ಒಂದೂವರೆ ಪೊಟ್ಟಣ ಲಿಕೋರಿಸ್ ಮಿಠಾಯಿ ತಿಂದು, ಪೊಟ್ಯಾಶಿಯಂ ಇಳಿದು ಹೃದಯ ನಿಂತು ಹೋಗಿಬಿಟ್ಟನಂತೆ. ಯಜಮಾನ್ರು ಆ ಸುದ್ದಿ ಓದಿ ಪೇಪರ್ ಮಡಿಸಿ ನನ್ನ ಕಡೆ ನೋಡದೆ ಎದ್ದು ಹೋದ್ರು. ನಾನು ಅಡುಗೆಮನೇಲಿ ನಿಂತು ಅತ್ತಿದ್ದೆ.

ಇಷ್ಟು ನಿಮ್ಮಲ್ಲಿ ಕೆಲವರಿಗೆ ಗೊತ್ತಿರೋ ಕಥೆ. ಗೊತ್ತಿಲ್ಲದೇ ಇರೋ ಭಾಗ ಇನ್ನು ಮುಂದೆ.

ನರ್ಸ್ ಲೋಟ ಈಸ್ಕೊಂಡು ಹೋದ ಕ್ಷಣಾನೇ ನನಗೆ ಆ ನಾಲ್ಕು ಡಬ್ಬಿ ನೆನಪಾಯ್ತು. ತಕ್ಷಣ ಫೋನ್ ಮಾಡಬೇಕಿತ್ತು. ಮಾಡ್ಲಿಲ್ಲ. ನಾಚಿಕೆ. "ಸೊಸೆ ಕಷಾಯ ಕೊಟ್ಟು ಅತ್ತೇನ ಆಸ್ಪತ್ರೆಗೆ ಸೇರಿಸಿದ್ಲು" ಅಂತ ಜನ ಆಡ್ಕೋತಾರೆ ಅಂತ. ಅತ್ತೆ ಮನೆಗೆ ಬರ್ಲಿ, ಆಮೇಲೆ ಮೆತ್ತಗೆ ಹೇಳೋಣ, ಅವರಿಗೇನು ಬಿಪಿ ಇಲ್ಲವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಫೋನ್ ಮಾಡಿದೋರಿಗೆಲ್ಲ "ಏನೋ ಪೊಟ್ಯಾಶಿಯಂ ಕಮ್ಮಿ ಆಗಿದೆಯಂತೆ" ಅಂತ ಅಷ್ಟೇ ಹೇಳಿ ಇಟ್ಬಿಡ್ತಿದ್ದೆ.

ಮಾರನೇ ದಿನ ಬೆಳಗ್ಗೆ ಅತ್ತೆಗೆ ತಲೆ ಬಾಚ್ತಿದ್ದೆ. ಡಾಕ್ಟರು ಹೇಳಿದ್ದೆಲ್ಲ ಅವರೂ ಕೇಳಿಸ್ಕೊಂಡಿದ್ರು. ಬೈತಾರೆ ಅಂತ ಕಾಯ್ತಿದ್ದೆ. ಬೈಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಎದುರುಮನೆ ಹುಡುಗಿಗೂ ಒಂದು ಡಬ್ಬಿ ಕೊಟ್ಟಿದ್ಯಲ್ಲೇ, ಫೋನ್ ಮಾಡಿದ್ಯಾ?" ಅಂದ್ರು.

ನಾನು ಮಾತಾಡ್ಲಿಲ್ಲ.

"ಈಗ್ಲೇ ಮಾಡು. ನನ್ನೆದುರಿಗೇ ಮಾಡು. ನಾನು ಮುದುಕಿ, ಅವಳ ಹೊಟ್ಟೇಲಿ ಕೂಸಿದೆ."

ಅಲ್ಲೇ ಮಂಚದ ಪಕ್ಕ ನಿಂತು ಮಾಡಿದೆ. ಬಸುರೀರು ಜೇಷ್ಠಮಧು ತಗೋಬಾರದು ಅಂತ ಡಾಕ್ಟರು ಹೇಳಿದ್ರು, ಫಿನ್ಲೆಂಡಿನಂಥ ದೇಶದಲ್ಲಿ ಸರ್ಕಾರದೋರೇ ಬಸುರೀರಿಗೆ ಬೇಡ ಅಂತಾರಂತೆ. ಆ ಹುಡುಗಿ, "ಆಂಟಿ, ನನಗೆ ವಾಸನೆ ಸೇರ್ಲಿಲ್ಲ, ನಾನು ಕುಡೀಲೇ ಇಲ್ಲ. ನಿಮಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ" ಅಂದ್ಲು. ಜೀವನದಲ್ಲಿ ನನ್ನ ಅಡುಗೆ ಯಾರಿಗೋ ಸೇರ್ಲಿಲ್ಲ ಅಂತ ಅಷ್ಟು ಸಂತೋಷ ಆಗಿದ್ದು ಅದೊಂದೇ ಸಲ. ಆದ್ರೆ ಪಕ್ಕದ್ಮನೆ ಅಜ್ಜ ದಿನಾ ಎರಡು ಲೋಟ ಕುಡೀತಿದ್ರು. ಅವರಿಗೂ ಪಾದ ಊದ್ಕೊಂಡಿತ್ತು, ವಯಸ್ಸಾಯ್ತು ಅಂತ ಸುಮ್ಮನಿದ್ರು. ನಿಲ್ಲಿಸಿ, ಡಾಕ್ಟರಿಗೆ ತೋರಿಸಿದ ಮೇಲೆ ಸರಿಹೋಯ್ತು. ನಾನು ಇನ್ನೂ ಒಂದು ವಾರ ನಾಚ್ಕೊಂಡು ಕೂತಿದ್ರೆ ಏನಾಗ್ತಿತ್ತೋ ಏನೋ.

ಅದಕ್ಕೆ ಇದನ್ನ ಬರೀತಿರೋದು. ಕಷಾಯ ಕೆಟ್ಟದ್ದು ಅಂತಲ್ಲ. ಜೇಷ್ಠಮಧು ವಿಷ ಅಂತಾನೂ ಅಲ್ಲ, ಗೊತ್ತಿರೋ ವೈದ್ಯರು ನಾಡಿ ನೋಡಿ, ಇಷ್ಟು ದಿನ, ಇಷ್ಟೇ ಅಂತ ಲೆಕ್ಕ ಹಾಕಿ ಕೊಡ್ತಾರೆ. ಸೋದರತ್ತೆ ಕಚೇರಿ ದಿನ ಒಂದು ಚೂರು ಚೀಪಿದ್ರೆ ಏನೂ ಆಗ್ಲಿಲ್ಲ. ನಾನು ಅದನ್ನೇ ದಿನಕ್ಕೆ ಮೂರು ಲೋಟ, ವಾರಗಟ್ಟಲೆ, ಬಿಪಿ ಮಾತ್ರೆ ನುಂಗೋರಿಗೆ ಕುದಿಸಿ ಕೊಟ್ಟೆ. ಮನೆ ಕಷಾಯ ಬೇರೆ, ಔಷಧಿ ಕಷಾಯ ಬೇರೆ. ಆಯುರ್ವೇದದಲ್ಲಿ ಕ್ವಾಥ ಅಂದ್ರೆ ನೀರನ್ನ ಕಾಲು ಭಾಗಕ್ಕೆ ಬತ್ತಿಸಿ ಸಾರ ತೆಗೆಯೋದು. ನಮ್ಮದು ಹಾಗಲ್ಲ, ಒಂದು ಕುದಿ ಬರಿಸಿ ಇಳಿಸೋ ಬಿಸಿನೀರು, ಘಮಕ್ಕೆ. ಅದನ್ನ ಔಷಧಿ ಮಾಡೋಕೆ ಹೋಗಿದ್ದೇ ನನ್ನ ತಪ್ಪು.

ಈಗ ಅಳತೆ ಬರ್ಕೊಳ್ಳಿ. ಧನಿಯ ಒಂದು ಬಟ್ಟಲು, ಜೀರಿಗೆ ಅರ್ಧ ಬಟ್ಟಲು, ಮೆಣಸು ಎರಡು ಚಮಚ, ಸೋಂಪು ಎರಡು ಚಮಚ, ಹೆಬ್ಬೆಟ್ಟಿನಷ್ಟು ಉದ್ದದ ಒಣಶುಂಠಿ ಒಂದು, ಏಲಕ್ಕಿ ಎಂಟು. ಶುಂಠಿ ಮೊದಲು ಜಜ್ಜಿಟ್ಕೊಳ್ಳಿ, ಇಲ್ದಿದ್ರೆ ಮಿಕ್ಸಿ ಬ್ಲೇಡು ಹೋಗುತ್ತೆ. ಧನಿಯ, ಜೀರಿಗೆ, ಮೆಣಸು ಬೇರೆ ಬೇರೆ, ಸಣ್ಣ ಉರೀಲಿ, ಘಮ್ ಅನ್ನೋವರೆಗೆ ಹುರೀರಿ. ಕೆಂಪಗೆ ಮಾಡ್ಬೇಡಿ, ಸಾರಿನಪುಡಿ ವಾಸನೆ ಬಂದ್ಬಿಡುತ್ತೆ. ಸೋಂಪು, ಏಲಕ್ಕಿಗೆ ಒಲೆ ಆರಿಸಿದ ಮೇಲಿನ ಬಿಸಿನೇ ಸಾಕು. ಪೂರ್ತಿ ಆರಿದ ಮೇಲೆ ತರಿತರಿ ಪುಡಿ ಮಾಡಿ, ಒಣ ಡಬ್ಬೀಲಿ ತುಂಬಿ. ಎರಡು ತಿಂಗಳಿಗೆ ಆಗೋಷ್ಟೇ ಮಾಡ್ಕೊಳ್ಳಿ. ಮಳೆಗಾಲದಲ್ಲಿ ಒದ್ದೆ ಚಮಚ ಹಾಕಿದ್ರೆ ಬೂಷ್ಟು ಹಿಡಿಯುತ್ತೆ, ಬೂಷ್ಟು ಕಂಡ್ರೆ ಬಿಸಿಲಿಗೆ ಹಾಕಿ ಉಳಿಸೋಕೆ ಹೋಗ್ಬೇಡಿ, ಚೆಲ್ಲಿ.

ಎರಡು ಲೋಟಕ್ಕೆ ಒಂದು ಚಮಚ ಪುಡಿ. ಒಂದೂವರೆ ಲೋಟ ನೀರು ಕುದಿ ಬಂದ ಮೇಲೆ ಪುಡಿ ಹಾಕಿ, ಉರಿ ಸಣ್ಣ ಮಾಡಿ, ಮುಚ್ಚಿ ಐದು ನಿಮಿಷ. ತುಳಸಿ ಬೇಕಂದ್ರೆ ನಾಲ್ಕೆಲೆ. ಬೆಳಗ್ಗೇನೇ ಕಿತ್ತಿಟ್ಕೊಳ್ಳಿ, ಸಂಜೆ ಮೇಲೆ ಗಿಡ ಮುಟ್ಟಿದ್ರೆ ಅತ್ತೆ ಇವತ್ತಿಗೂ ಸುಮ್ಮನಿರಲ್ಲ. ಒಲೆ ಆರಿಸಿದ ಮೇಲೆ ಬೆಲ್ಲ ಹಾಕಿ ಸೋಸಿ. ಅರ್ಧ ಲೋಟ ಹಾಲು ಬೇರೆ ಕಾಯಿಸಿ ಕೊನೇಲಿ ಬೆರೆಸಿ. ಬೆಲ್ಲ, ಹಾಲು ಒಟ್ಟಿಗೆ ಕುದಿಸಿದ್ರೆ ಒಡೆದು ಹೋಗುತ್ತೆ, ಆಮೇಲೆ ನನಗೆ ಫೋನ್ ಮಾಡಿ ಬೈಬೇಡಿ. ಸಕ್ಕರೆ ಕಾಯಿಲೆ ಇರೋರಿಗೆ ಬೆಲ್ಲಾನೂ ಸಕ್ಕರೇನೇ. ಅವರಿಗೆ ಹಾಲು ಸ್ವಲ್ಪ ಜಾಸ್ತಿ, ಇನ್ನೊಂದು ಏಲಕ್ಕಿ, ಸೋಂಪು ಒಂದು ಚಿಟಿಕೆ ಹೆಚ್ಚು. ಒಂದು ವಾರಕ್ಕೆ ನಾಲಿಗೆ ಒಗ್ಗುತ್ತೆ. ಅತ್ತೆಗೇ ಒಗ್ಗಿತು ಅಂದ್ಮೇಲೆ ಯಾರಿಗಾದ್ರೂ ಒಗ್ಗುತ್ತೆ.

ಚಕ್ಕೆ ನಾನು ದಿನಾ ಹಾಕಲ್ಲ. ಅಂಗಡೀಲಿ ಸಿಗೋ ದಪ್ಪ, ಗಟ್ಟಿ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಜಾತೀದು. ಅದರಲ್ಲಿ ಕೂಮರಿನ್ ಅನ್ನೋ ಅಂಶ ಇರುತ್ತೆ, ದಿನಾ ಜಾಸ್ತಿ ಹೋದ್ರೆ ಲಿವರಿಗೆ ಒಳ್ಳೇದಲ್ಲ. ಪಲಾವಿಗೆ ಒಂದು ಚೂರು ಹಾಕೋದಕ್ಕೆ ಹೆದರ್ಬೇಕಾಗಿಲ್ಲ. ದಿನಾ ಲೋಟಕ್ಕೆ ಬೇಕೇ ಬೇಕು ಅನ್ನೋರು ತೆಳ್ಳಗೆ, ಸುರುಳಿ ಸುರುಳಿಯಾಗಿ, ಕೈಯಲ್ಲಿ ಪುಡಿಯಾಗೋ ಸಿಲೋನ್ ಚಕ್ಕೆ ತಗೊಳ್ಳಿ, ಅದರಲ್ಲಿ ಕೂಮರಿನ್ ತುಂಬಾ ಕಮ್ಮಿ.

ಕುದಿ ಕುದಿ ಇರೋವಾಗ ಊದ್ಕೊಂಡು ಊದ್ಕೊಂಡು ಕುಡಿಯೋ ಚಟ ಬಿಡಿ. 65 ಡಿಗ್ರಿಗಿಂತ ಬಿಸಿ ಇರೋದನ್ನ ಕುಡಿಯೋ ಅಭ್ಯಾಸ ಅನ್ನನಾಳದ ಕ್ಯಾನ್ಸರಿಗೆ ಕಾರಣ ಆಗೋ ಸಂಭವ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದೋರು 2016ರಲ್ಲಿ ಹೇಳಿದಾರೆ. ನನ್ನ ಲೆಕ್ಕ ಸುಲಭ. ಸ್ಟೀಲ್ ಲೋಟ ಬರಿಗೈಲಿ ಆರಾಮಾಗಿ ಹಿಡಿಯೋ ಹಾಗಾದ್ಮೇಲೆ ಕುಡಿಯೋದು. ಮಗು ಮಡಿಲಲ್ಲಿದ್ದಾಗ ಬಿಸಿ ಲೋಟ ಕೈಗೆ ತಗೋಬೇಡಿ. ಒಂದು ವರ್ಷ ತುಂಬದ ಮಕ್ಕಳಿಗೆ ಕಷಾಯಕ್ಕೆ ಅಂತ ಜೇನು ನೆಕ್ಕಿಸ್ಬೇಡಿ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಅಷ್ಟು ಸಣ್ಣ ಕರುಳಲ್ಲಿ ವಿಷ ಮಾಡುತ್ತೆ. ನಿಂಬೆಹುಳಿ ಹಿಂಡೋದಾದ್ರೆ ಸ್ಟೀಲ್ ಪಾತ್ರೆ. ಅಜ್ಜಿ ಕಾಲದ ಹಿತ್ತಾಳೆ ಪಾತ್ರೆ ಎಷ್ಟೇ ಪ್ರೀತಿಯಾದ್ರೂ ಕಲಾಯಿ ಹೋಗಿದ್ರೆ ಹುಳಿ ಬೇಡ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಶುಂಠಿ, ಅರಿಶಿನ ಧಾರಾಳವಾಗಿ ಕುಡಿಯೋ ಮುಂಚೆ ಡಾಕ್ಟರನ್ನ ಒಂದು ಮಾತು ಕೇಳಿ. ಇನ್ನೊಂದು, ಕೆಮ್ಮು ಎರಡು ವಾರ ದಾಟಿದ್ರೆ ಕಷಾಯದ ಡಬ್ಬಿ ಮುಚ್ಚಿ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೇಲಿ ಟಿಬಿ ಪರೀಕ್ಷೆ ದುಡ್ಡಿಲ್ಲದೇ ಮಾಡ್ತಾರೆ. ಕಷಾಯ ಗಂಟಲಿಗೆ ಹಿತ, ಕಾಯಿಲೆ ಕಂಡುಹಿಡಿಯೋಕೆ ಅದಕ್ಕೆ ಬರಲ್ಲ.

ಎಲ್ಲಕ್ಕಿಂತ ಮುಖ್ಯ, ಡಬ್ಬಿ ಮೇಲೆ ಚೀಟಿ ಅಂಟಿಸಿ. ಏನೇನು ಹಾಕಿದೀರ, ಯಾವತ್ತು ಮಾಡಿದ್ರಿ. ಯಾರಿಗಾದ್ರೂ ಕೊಟ್ರೆ ಅದರ ಮೇಲೂ ಅಂಟಿಸಿ ಕೊಡಿ. ಡಾಕ್ಟರ ಹತ್ರ ಹೋಗೋವಾಗ ಮಾತ್ರೆ ಚೀಟಿ ಜೊತೆ ಆ ಚೀಟಿಯ ಫೋಟೋನೂ ತೋರಿಸಿ. "ಬೇರೆ ಏನಾದ್ರೂ ತಗೋತಿದೀರಾ" ಅಂದ್ರೆ "ಇಲ್ಲ" ಅಂತ ನಾಲಿಗೆ ತುದೀಲೇ ಇರುತ್ತೆ ನಮಗೆ. ಕಷಾಯ, ಲೇಹ್ಯ, ಪುಡಿ ಇವೆಲ್ಲ "ಬೇರೆ"ಗೇ ಸೇರೋದು.

ಅತ್ತೆ ಆಸ್ಪತ್ರೆಯಿಂದ ಬಂದ ಮೇಲೆ ಮೂರು ತಿಂಗಳು ನಾನು ಕಷಾಯದ ಪಾತ್ರೆ ಮುಟ್ಟಲಿಲ್ಲ. ಏಳು ಗಂಟೆಗೆ ದೀಪ ಹಚ್ಚಿ ಸುಮ್ಮನೆ ಒಳಗೆ ಹೋಗ್ತಿದ್ದೆ. ಕಾರ್ತಿಕದಲ್ಲಿ ಒಂದು ಸಾಯಂಕಾಲ, ಚಳಿ ಶುರುವಾಗಿತ್ತು, ಅವರೇ ಮೆಲ್ಲಗೆ ಗೋಡೆ ಹಿಡ್ಕೊಂಡು ಅಡುಗೆಮನೆಗೆ ಬಂದ್ರು. ಧನಿಯ ಡಬ್ಬ ಇಳಿಸು ಅಂದ್ರು. ಮಣೆ ಮೇಲೆ ಕೂತು ಆರು ಸಾಮಾನೂ ತಾವೇ ಅಳೆದು ಕೊಟ್ರು, ನಾನು ಹುರಿದೆ. ಪುಡಿ ತುಂಬಿದ ಮೇಲೆ ಮೊಮ್ಮಗನ ನೋಟ್‌ಬುಕ್ಕಿಂದ ಒಂದು ಹಾಳೆ ಹರಿಸಿ, ನಡುಗೋ ಕೈಯಲ್ಲಿ ಬರೆದ್ರು. ಧನಿಯ, ಜೀರಿಗೆ, ಮೆಣಸು, ಸೋಂಪು, ಶುಂಠಿ, ಏಲಕ್ಕಿ. ಕೆಳಗೆ ತಾರೀಖು.

"ಅಂಟಿಸು" ಅಂದ್ರು. "ಈಗ ಒಂದು ಲೋಟ ಕಾಸು. ನೀನೂ ಕುಡಿ."

ಈಗ ಅವರಿಗೆ ಎಂಬತ್ತರ ಹತ್ರ. ದಿನಕ್ಕೆ ಒಂದೇ ಲೋಟ, ಸಣ್ಣದು. ಪುಡಿ ಎಷ್ಟು ಸಲ ಹೊಸದಾಗಿ ಮಾಡಿದ್ರೂ ಚೀಟಿ ಮಾತ್ರ ಅವರೇ ಬರೀಬೇಕು. ನಿಮ್ಮನೆಗೆ ಡಬ್ಬಿ ಬಂದಾಗ ಮೇಲೆ ಸೊಟ್ಟಗೆ ಬರೆದಿರೋ ಅಕ್ಷರ ಕಂಡ್ರೆ ಅದು ಅತ್ತೇದು. ಹರಿದು ಬಿಸಾಕ್ಬೇಡಿ.